ಬೆಲೆ ಮತ್ತು ಕಿಮ್ಮತ್ತು: ಹೊಸ ಪ್ರೊಸೆಸರ್ ಕೊಳ್ಳುವ ಮುನ್ನ

ನಾನು ಶಾಲೆಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಜೊತೆಜೊತೆಯಾಗಿ ಕಲಿತವನು. ಮರಾಠಿಯ ‘ಕಿಂಮತ’ ಎಂಬ ಮಾತಿಗೆ ಅಂಗಡಿಯಲ್ಲಿ ತೆರುವ ಹಣವೆಂದೂ ಅರ್ಥ, ವಸ್ತುವಿನ ಯೋಗ್ಯತೆಯೆಂದೂ ಅರ್ಥ. ಅದೇ ಮಾತು ಉತ್ತರ ಕರ್ನಾಟಕದ ಕನ್ನಡದಲ್ಲಿ ‘ಕಿಮ್ಮತ್ತು’ ಆದಾಗ ಎರಡನೆಯ ಅರ್ಥವೇ ಮುಂದಾಯಿತು. ‘ಅವನ ಮಾತಿಗೆ ಕಿಮ್ಮತ್ತಿಲ್ಲ’ ಎಂದರೆ ಯಾರೂ ಹಣದ ಲೆಕ್ಕ ಹಾಕುವುದಿಲ್ಲ. ಹಣದ ಮಾತಿಗೆ ನಮ್ಮಲ್ಲಿ ‘ಬೆಲೆ’ ಎಂಬ ದೇಶ್ಯಪದವಿದೆ. ಸೇಲಂನ ಅಂಗಡಿಗಳಲ್ಲಿ ಕೇಳಿಬರುವ ತಮಿಳಿನ ‘ವಿಲೈ’ ಅದರ ಜ್ಞಾತಿಪದ. ವಿರಲ್–ಬೆರಳು, ವಿಲ್–ಬಿಲ್ಲು ಎಂಬಲ್ಲಿ ಕಾಣುವ ವಕಾರ–ಬಕಾರಗಳ ಸಂಬಂಧವೇ ಇಲ್ಲಿಯೂ ಇದೆ. ಬೆಲೆಯನ್ನು ಅಂಗಡಿಯವನು ಹೇಳುತ್ತಾನೆ. ಕಿಮ್ಮತ್ತನ್ನು ಕೊಳ್ಳುವವನೇ ಅಳೆಯಬೇಕು. ಈ ಬರಹ ಆ ಅಳತೆಯನ್ನು ಕುರಿತದ್ದು.

ಸೇಲಂ ಜಿಲ್ಲೆಯ ದೇವಾಂಗ ನೇಕಾರರ ಮನೆಯಿಂದ ಬಂದ ನಮ್ಮ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ನನ್ನ ಬಳಿಗೆ ಬಂದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಅವನ ಅಣ್ಣ ಸೀರೆಯ ಅಂಚು–ಸೆರಗುಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗ್ಗದವರಿಗೆ ಕೊಡುವವನು. ಇವನಿಗೆ ಧರ್ಮಪುರಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ನೊಳಂಬರ ಕನ್ನಡ ಶಾಸನಗಳನ್ನು ಕುರಿತು ಕಿರುಪ್ರಬಂಧ ಬರೆಯಬೇಕಾಗಿದೆ; ಅದಕ್ಕಾಗಿ ಹಳೆಯ ಅಚ್ಚುಪುಸ್ತಕಗಳ ಪುಟಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಇಬ್ಬರಿಗೂ ಮನೆಯ ಒಂದೇ ಕಂಪ್ಯೂಟರ್. ‘ಅದು ತುಂಬಾ ನಿಧಾನವಾಗಿದೆ ಸರ್, ಹೊಸ ಪ್ರೊಸೆಸರ್ ಹಾಕಿಸಲು ಅಣ್ಣ ಸಾಲ ಮಾಡುವೆನೆಂದು ಹೇಳುತ್ತಿದ್ದಾನೆ. ಮಾಡಬಹುದೇ?’ ಎಂಬುದು ಅವನ ಪ್ರಶ್ನೆ. ನೇಕಾರರ ಮನೆಯಲ್ಲಿ ಸಾಲವೆಂಬುದು ಹಗುರವಾದ ಮಾತಲ್ಲ. ಆದುದರಿಂದ ಉತ್ತರವನ್ನು ಊಹೆಯಿಂದ ಕೊಡಲು ನನಗೆ ಮನಸ್ಸಾಗಲಿಲ್ಲ.

ಮೊದಲು ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಬಗೆ. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಮಿಡಿತ ಹೆಚ್ಚಾದಷ್ಟೂ ಕೆಲಸ ಹೆಚ್ಚೆಂದು ತೋರುವುದು ಸಹಜ. ಆದರೆ ಒಂದು ಮಿಡಿತದಲ್ಲಿ ಎಷ್ಟು ಕೆಲಸ ಸಾಗುತ್ತದೆ ಎಂಬುದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. 2004ರಲ್ಲಿ ಇಂಟೆಲ್‌ನ ಪೆಂಟಿಯಂ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 2006ರಲ್ಲಿ ಅದೇ ಸಂಸ್ಥೆ ಹೊರತಂದ ಕೋರ್ 2 ಡ್ಯುಯೊ, 2.4 ಗಿಗಾಹರ್ಟ್ಸ್‌ನಲ್ಲಿಯೇ ಅದನ್ನು ಹಿಂದೆ ಹಾಕಿತು. ಆದುದರಿಂದ ಒಂದೇ ತಲೆಮಾರಿನ, ಒಂದೇ ಮನೆತನದ ಪ್ರೊಸೆಸರುಗಳ ನಡುವೆ ಮಾತ್ರ ಈ ಅಂಕಿಯನ್ನು ಹೋಲಿಸುವುದು ಯುಕ್ತ.

ಎರಡನೆಯದು ಕೋರ್‌ಗಳ ಸಂಖ್ಯೆ. ಇದನ್ನು ಮನೆಯಲ್ಲಿರುವ ಮಗ್ಗಗಳೆಂದು ಭಾವಿಸಬಹುದು. ನಾಲ್ಕು ಮಗ್ಗಗಳಿದ್ದರೆ ನಾಲ್ಕು ಸೀರೆಗಳನ್ನು ಒಟ್ಟಿಗೆ ನೇಯಬಹುದು. ಆದರೆ ಒಂದೇ ಸೀರೆಯನ್ನು ನಾಲ್ಕು ಮಗ್ಗಗಳಿಗೆ ಹಂಚಿ ನೇಯಲಾಗದು. ಮುನ್ನೂರು ಪುಟಗಳ ಅಕ್ಷರಗಳನ್ನು ಗುರುತಿಸುವ ಕೆಲಸವನ್ನು ಪುಟಪುಟವಾಗಿ ಹಂಚಬಹುದು. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ನಾವು ಬೆರಳಚ್ಚಿಸುವ ಒಂದು ವಾಕ್ಯವನ್ನು ಹಂಚಲಾಗದು. ಮೂರನೆಯದು ಕ್ಯಾಶೆ, ಎಂದರೆ ಪ್ರೊಸೆಸರಿನ ಒಳಗೇ ಇರುವ ಪುಟ್ಟ ಸ್ಮೃತಿ. ಅದು ನೇಕಾರನ ಕೈಯಳತೆಯಲ್ಲಿಟ್ಟ ಕಂಡಿಕೆಗಳಿದ್ದಂತೆ. ರ‍್ಯಾಮ್ ಅದೇ ಕೋಣೆಯ ಬುಟ್ಟಿ. ಡಿಸ್ಕ್ ಹಿತ್ತಲಿನ ಉಗ್ರಾಣ. ನೂಲಿಗಾಗಿ ಪದೇ ಪದೇ ಉಗ್ರಾಣಕ್ಕೆ ಓಡುವ ನೇಕಾರನಿಗೆ ಎಷ್ಟು ಚುರುಕಾದ ಮಗ್ಗವನ್ನು ಕೊಟ್ಟರೂ ಪ್ರಯೋಜನವಿಲ್ಲ.

ಇವೆಲ್ಲದರ ಕಿಮ್ಮತ್ತು ಕೆಲಸವನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಒಂದು ಸ್ಪಷ್ಟ ನಿದರ್ಶನವಿದೆ. ಎಎಂಡಿ ಸಂಸ್ಥೆ 2020ರಲ್ಲಿ ರೈಜನ್ 7 5800ಎಕ್ಸ್ ಎಂಬ ಪ್ರೊಸೆಸರನ್ನೂ, 2022ರಲ್ಲಿ 5800ಎಕ್ಸ್3ಡಿ ಎಂಬುದನ್ನೂ ಬಿಡುಗಡೆ ಮಾಡಿತು. ಎರಡಕ್ಕೂ ಬಿಡುಗಡೆಯ ಬೆಲೆ 449 ಡಾಲರ್, ಎರಡರಲ್ಲಿಯೂ ಎಂಟು ಕೋರ್‌ಗಳು. ಮೊದಲನೆಯದರ ಗರಿಷ್ಠ ಮಿಡಿತ 4.7 ಗಿಗಾಹರ್ಟ್ಸ್, ಕ್ಯಾಶೆ 32 ಮೆಗಾಬೈಟ್. ಎರಡನೆಯದರ ಮಿಡಿತ 4.5, ಕ್ಯಾಶೆ 96. ಕಂಪ್ಯೂಟರ್ ಆಟಗಳಲ್ಲಿ ಹೊಸದು ಬಹಳ ಮುಂದೆ ಹೋಯಿತು. ಕ್ಯಾಶೆಯ ಹಂಗಿಲ್ಲದ ಎಷ್ಟೋ ಕೆಲಸಗಳಲ್ಲಿ ಹಳೆಯದಕ್ಕಿಂತ ತುಸು ಹಿಂದೆಯೇ ಉಳಿಯಿತು. ಬೆಲೆ ಒಂದೇ; ಕಿಮ್ಮತ್ತು ಮಾತ್ರ ಕೊಳ್ಳುವವನ ಕೆಲಸಕ್ಕೆ ತಕ್ಕಂತೆ ಬೇರೆ.

ಇನ್ನು ವೇಗದ ಲಾಭಕ್ಕೆ ಇರುವ ಮಿತಿ. ಹಾಸು ಹೂಡಲು ಎರಡು ದಿನ, ನೇಯಲು ನಾಲ್ಕು ದಿನ, ಒಟ್ಟು ಆರು ದಿನ ಎಂದುಕೊಳ್ಳೋಣ. ಮಗ್ಗದ ವೇಗವನ್ನು ಇಮ್ಮಡಿ ಮಾಡಿದರೆ ಕೆಲಸ ಮೂರು ದಿನಗಳಲ್ಲಿ ಮುಗಿಯುವುದಿಲ್ಲ. ಎರಡಕ್ಕೆ ಎರಡು ಸೇರಿ ನಾಲ್ಕು ದಿನವಾಗುತ್ತದೆ. ಮಗ್ಗ ಎಷ್ಟೇ ವೇಗದ್ದಾದರೂ ಹಾಸಿನ ಎರಡು ದಿನ ತಪ್ಪದು. ಜೀನ್ ಅಮ್ಡಾಲ್ 1967ರಲ್ಲಿ ಕಂಪ್ಯೂಟರುಗಳ ಬಗ್ಗೆ ಮಂಡಿಸಿದ ವಾದದ ಸಾರ ಇದೇ. ನೇಕಾರರ ಉಪಮೆ ಇಲ್ಲಿ ಕೇವಲ ಅಲಂಕಾರವಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಮಗ್ಗದ ತೂತುರಟ್ಟುಗಳಿಂದಲೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಕಾರ್ಡುಗಳ ಕಲ್ಪನೆಯನ್ನು ಪಡೆದನು.

ಈ ಮಿತಿಯನ್ನು ನಮ್ಮ ವಿದ್ಯಾರ್ಥಿಯ ಪ್ರಬಂಧಕ್ಕೆ ಅನ್ವಯಿಸಿದೆವು. ಮುನ್ನೂರು ಪುಟಗಳ ಒಂದು ಪುಸ್ತಕ. ಪುಟವೊಂದನ್ನು ಸ್ಕ್ಯಾನ್ ಮಾಡಲು ಒಂದು ನಿಮಿಷ, ಯಂತ್ರ ಅಕ್ಷರಗಳನ್ನು ಗುರುತಿಸಲು ಹತ್ತು ಸೆಕೆಂಡು, ಒತ್ತಕ್ಷರಗಳ ತಪ್ಪುಗಳನ್ನು ಕಣ್ಣಿಟ್ಟು ತಿದ್ದಲು ಹತ್ತು ನಿಮಿಷ ಎಂದು ಹಿಡಿಯೋಣ. ಕ್ರಮವಾಗಿ 300, 50 ಮತ್ತು 3000 ನಿಮಿಷಗಳು, ಒಟ್ಟು 3350. ಪ್ರೊಸೆಸರಿನ ವೇಗ ಇಮ್ಮಡಿಯಾದರೆ ಉಳಿಯುವುದು 25 ನಿಮಿಷ, ಎಂದರೆ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಆ 25 ನಿಮಿಷವನ್ನೂ ನಾವು ಊಟಕ್ಕೆ ಹೋದಾಗ ಯಂತ್ರವೇ ಕಳೆಯಬಲ್ಲದು. ಅಕ್ಷರಗಳು ದೊಡ್ಡದಾಗಿ ಕಾಣುವ ಒಳ್ಳೆಯ ಪರದೆಯೊಂದು ತಿದ್ದುವ ಕೆಲಸಕ್ಕೆ ಇದಕ್ಕಿಂತ ಹೆಚ್ಚು ನೆರವಾದೀತು.

ಅಣ್ಣನ ಕೆಲಸ ಬೇರೆ ಬಗೆಯದು. ಅಲ್ಲಿ ಯಂತ್ರ ತಡಮಾಡಿದರೆ ಕೂಲಿಯೇ ತಡವಾಗುತ್ತದೆ. ಆದುದರಿಂದ ಒಂದು ವಾರ ಗಮನಿಸಿ ಬರೆದಿಡಲು ಹೇಳಿದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್, ಸ್ಮೃತಿ, ಡಿಸ್ಕ್ ಇವುಗಳಲ್ಲಿ ಯಾವುದು ಎಷ್ಟು ದುಡಿಯುತ್ತಿದೆ ಎಂಬುದು ಕಾಣುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ನಾಲ್ಕು ಕೋರ್‌ಗಳ ಯಂತ್ರದಲ್ಲಿ ಒಂದೇ ಕೋರ್ ಪೂರ್ತಿ ದುಡಿದು ಉಳಿದವು ಸುಮ್ಮನಿದ್ದರೆ ಒಟ್ಟು ಅಂಕಿ 25 ಪ್ರತಿಶತದ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದನ್ನು ಕಂಡು ಪ್ರೊಸೆಸರಿಗೆ ಬಿಡುವಿದೆಯೆಂದು ತಿಳಿಯಬಾರದು. ಒಂದೊಂದು ಕೋರಿನ ರೇಖೆಯನ್ನೂ ಬೇರೆಯಾಗಿ ನೋಡಬೇಕು. ವಾರದ ಟಿಪ್ಪಣಿ ಬಂದಾಗ ಸಂಗತಿ ಸ್ಪಷ್ಟವಾಯಿತು. ಯಾವ ಕೋರೂ ಹೊತ್ತುಗಟ್ಟಲೆ ಪೂರ್ತಿ ದುಡಿದಿರಲಿಲ್ಲ. ದೊಡ್ಡ ವಿನ್ಯಾಸ ತೆರೆದಾಗಲೆಲ್ಲ ನಾಲ್ಕು ಗಿಗಾಬೈಟ್ ರ‍್ಯಾಮ್ ತುಂಬಿ, ಹಳೆಯ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿತ್ತು. ಮಗ್ಗ ಚೆನ್ನಾಗಿತ್ತು, ಬುಟ್ಟಿ ಸಾಲದೆ ಉಗ್ರಾಣಕ್ಕೆ ಓಡಾಟ ನಡೆದಿತ್ತು. ರ‍್ಯಾಮ್ ಹೆಚ್ಚಿಸಿ, ಎಸ್‌ಎಸ್‌ಡಿ ಹಾಕಿಸಿಕೊಂಡರು. ಸಾಲ ಬೇಕಾಗಲಿಲ್ಲ.

ಹಾಗೆಂದು ಹೊಸ ಪ್ರೊಸೆಸರ್ ಎಂದೂ ವ್ಯರ್ಥವೆಂದು ಭಾವಿಸಬಾರದು. ದಿನವಿಡೀ ಮದುವೆಯ ವಿಡಿಯೊಗಳನ್ನು ಸಂಕಲನ ಮಾಡುವವನ ಯಂತ್ರದಲ್ಲಿ ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ದುಡಿಯುತ್ತವೆ. ಅವನು ಹಾಕಬೇಕಾದ ಲೆಕ್ಕ ಸುಲಭ. ಹೆಚ್ಚುವರಿ ವೆಚ್ಚ 12,000 ರೂಪಾಯಿ. ನಾಲ್ಕು ವರ್ಷ, ವರ್ಷಕ್ಕೆ 300 ದಿನ ಬಳಕೆ ಎಂದರೆ ದಿನಕ್ಕೆ ಹತ್ತು ರೂಪಾಯಿ. ದಿನಕ್ಕೆ ಅರ್ಧ ಗಂಟೆ ಉಳಿದು ಆ ಹೊತ್ತಿನಲ್ಲಿ ಬೇರೆ ಕೆಲಸ ಸಾಗಿದರೆ ಅದು ಲಾಭ. ಎರಡು ನಿಮಿಷ ಉಳಿದರೆ ಹಣ ವ್ಯರ್ಥ.

ವೆಚ್ಚವನ್ನು ಎಣಿಸುವಾಗ ಪ್ರೊಸೆಸರಿನ ಬೆಲೆಯೊಂದನ್ನೇ ಎಣಿಸುವುದು ಸಾಲದು. ಹೊಸ ತಲೆಮಾರಿಗೆ ಹಲವೊಮ್ಮೆ ಹೊಸ ಮದರ್‌ಬೋರ್ಡ್ ಬೇಕು. ಎಎಂಡಿಯ 2022ರ ಎಎಂ5 ಬೋರ್ಡುಗಳಿಗೆ ಹಳೆಯ ಡಿಡಿಆರ್4 ರ‍್ಯಾಮ್ ಕೂಡುವುದಿಲ್ಲ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಚಿತ್ರ ಮೂಡಿಸುವ ಭಾಗ ಅದರಲ್ಲಿಲ್ಲವೆಂದು ಅರ್ಥ; ಬೆಲೆ ಕಡಿಮೆಯೆಂದು ಕೊಂಡವರು ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಹಣ ತೆರಬೇಕಾಗುತ್ತದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ ಕೋರ್ ಪ್ರೊಸೆಸರುಗಳು ಎಂಟನೆಯ ತಲೆಮಾರಿನಿಂದ ಮೊದಲಾಗುತ್ತವೆ. ಅದಕ್ಕಿಂತ ಹಳೆಯ ಯಂತ್ರವುಳ್ಳವರು ಲಿನಕ್ಸ್ ಬಳಸಬಹುದು. ಅದರಲ್ಲಿಯೂ ಯೂನಿಕೋಡ್ ಕನ್ನಡ ಚೆನ್ನಾಗಿ ಮೂಡುತ್ತದೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಕನ್ನಡದ ಗುರುಗಳು ಕಲಿಸಿದ ಗಾದೆಯನ್ನೇ ‘ಅಂಥರೂಣ ಪಾಹೂನ ಪಾಯ ಪಸರಾವೇ’ ಎಂದು ಮರಾಠಿಯ ಗುರುಗಳೂ ಕಲಿಸಿದ್ದರು. ಎರಡೂ ಹಾಸಿಗೆಯನ್ನು ನೋಡಲು ಹೇಳುತ್ತವೆ. ಕಾಲಿನ ಉದ್ದವನ್ನೂ ಅಳೆಯಬೇಕೆಂಬುದು ಈ ಪ್ರಸಂಗದಿಂದ ನಾನು ಕಲಿತ ಪಾಠ. ಕಂಪ್ಯೂಟರ್ ಕೊಳ್ಳಲು ಅಥವಾ ಬದಲಿಸಲು ಹೊರಟಿರುವ ವಿದ್ಯಾರ್ಥಿಗಳು ಅಂಗಡಿಗೆ ಹೋಗುವ ಮುನ್ನ ಒಂದು ವಾರದ ಟಿಪ್ಪಣಿ ಬರೆದಿಡಿ: ಯಾವ ಕೆಲಸದಲ್ಲಿ, ಎಷ್ಟು ಹೊತ್ತು, ಯಾವ ಭಾಗಕ್ಕಾಗಿ ಕಾಯಬೇಕಾಯಿತು ಎಂದು. ಅದನ್ನು ವಿಭಾಗಕ್ಕೆ ತಂದರೆ ಕುಳಿತು ಒಟ್ಟಿಗೆ ಓದೋಣ.