ಗಾಲಿಯೊಳಗಿನ ಗುಂಯ್ ಸದ್ದು

ಮಕ್ಕಳೇ, ಧರ್ಮಪುರಿಯಿಂದ ಸೇಲಂ ಕಡೆಗೆ ಬರುವಾಗ ತೊಪ್ಪೂರು ಘಾಟಿ ಇಳಿದರೆ ನಮ್ಮ ಕಡಯಂಪಟ್ಟಿ ಕಡೆಯ ಊರುಗಳು ಸಿಗುತ್ತವೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ನಂಬರಿನ ಹೆದ್ದಾರಿ ಅದು. ಲಾರಿಗಳ ಜೊತೆಗೆ ತರಕಾರಿ, ಮಾವು, ಸಿಮೆಂಟು ಹೊತ್ತ ಪಿಕಪ್ ಗಾಡಿಗಳೂ ಹಗಲು ರಾತ್ರಿ ಈ ಇಳಿಜಾರಿನಲ್ಲಿ ಇಳಿಯುತ್ತವೆ. ನಿಮ್ಮಲ್ಲಿ ಕೆಲವರ ಮನೆಯಲ್ಲೇ ಪಿಕಪ್ ಇರಬಹುದು. ಅಂಥ ಗಾಡಿಯಲ್ಲಿ ಕೂತಾಗ ಒಮ್ಮೊಮ್ಮೆ ಕೆಳಗಿನಿಂದ "ಗುಂಯ್..." ಅಂತ ಒಂದೇ ಸಮನೆ ಸದ್ದು ಬರುತ್ತದೆ. ವೇಗ ಹೆಚ್ಚಾದರೆ ಸದ್ದೂ ಏರುತ್ತದೆ. ಪಾಟಿನ ವಾಲ್ಯೂಮ್ ಜಾಸ್ತಿ ಇದ್ದರೆ ಅದು ಕೇಳಿಸುವುದೇ ಇಲ್ಲ! ಆ ಸದ್ದು ಸಾಮಾನ್ಯವಾಗಿ ಗಾಲಿಯ ಬೇರಿಂಗ್ ಸವೆದಿದ್ದರ ಗುರುತು. ಬೇರಿಂಗ್ ಒಂದೇ ದಿನಕ್ಕೆ ಹಾಳಾಗುವುದು ಅಪರೂಪ. ಮೊದಲೇ ಕೂಗಿ ಹೇಳುತ್ತದೆ. ಕೇಳಿಸಿಕೊಳ್ಳದೆ ಓಡಿಸುತ್ತಾ ಹೋದರೆ ಕೊನೆಗೆ ಗಾಲಿ ಬಿಗಿದು ನಿಲ್ಲಬಹುದು, ಕಳಚಿಯೂ ಹೋಗಬಹುದು. ಘಾಟಿಯಲ್ಲಿ ಹಾಗಾದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಮೊದಲು ಎತ್ತಿನ ಗಾಡಿಯಿಂದ ಶುರು ಮಾಡೋಣ. ಗಾಡಿಯ ಗಾಲಿ ಅಚ್ಚಿನ ಮೇಲೆ ನೇರವಾಗಿ ಉಜ್ಜಿಕೊಂಡು ತಿರುಗುತ್ತದೆ. ಇದು ಜಾರು ಘರ್ಷಣೆ. ಅದನ್ನು ಕಡಿಮೆ ಮಾಡಲು ಹಿರಿಯರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಹಾಕುತ್ತಿದ್ದರು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ. ಎಣ್ಣೆ ಹಾಕಿದರೂ ಅಲ್ಲಿ ಘರ್ಷಣಾಂಕ ಸುಮಾರು 0.1 ಇರುತ್ತದೆ. ಈಗ ಅಚ್ಚಿಗೂ ಗಾಲಿಗೂ ನಡುವೆ ಉರುಳುವ ವಸ್ತುಗಳನ್ನು ಇಡಿ. ಉಜ್ಜುವ ಬದಲು ಉರುಳುವುದರಿಂದ ಘರ್ಷಣಾಂಕ 0.002ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಸುಮಾರು ಐವತ್ತನೇ ಒಂದು ಭಾಗ. ನಂಬಿಕೆ ಬರದಿದ್ದರೆ ಡಬ್ಬದ ಮುಚ್ಚಳವೊಂದನ್ನು ಮಗುಚಿಟ್ಟು ಒಳಗೆ ಒಂದೇ ಗಾತ್ರದ ಹತ್ತು ಹನ್ನೆರಡು ಗೋಲಿ ಹಾಕಿ, ಅವುಗಳ ಮೇಲೆ ದಪ್ಪ ಪುಸ್ತಕ ಇಟ್ಟು ತಿರುಗಿಸಿ ನೋಡಿ.

ಗಾಡಿಯ ಅಚ್ಚಿನಲ್ಲಿ ಕಬ್ಬಿಣದ ಗುಂಡುಗಳನ್ನಿಡುವ ಉಪಾಯಕ್ಕೆ ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಗಾಲಿಗೆ ಇನ್ನೊಂದು ತೊಂದರೆ ಇದೆ. ಅದರ ಮೇಲೆ ಬೀಳುವುದು ಮೇಲಿನ ಭಾರ ಒಂದೇ ಅಲ್ಲ. ತಿರುವಿನಲ್ಲಿ ಪಕ್ಕದಿಂದಲೂ ಒತ್ತಡ ಬೀಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿ ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಓರೆಯಾದ, ಅಂದರೆ ಶಂಕುವಿನ ತುಂಡಿನಂಥ, ರೋಲರ್‌ಗಳ ಬೇರಿಂಗಿಗೆ ಪೇಟೆಂಟ್ ಪಡೆದ. ಓರೆ ಇರುವುದರಿಂದ ಅದು ಮೇಲಿನ ಭಾರವನ್ನೂ ಪಕ್ಕದ ಒತ್ತಡವನ್ನೂ ಹೊರುತ್ತದೆ. ಇಂಥ ಎರಡು ಬೇರಿಂಗ್‌ಗಳನ್ನು ಎದುರುಬದುರು ಹಾಕಿದರೆ ಗಾಲಿ ಯಾವ ಕಡೆಗೂ ಸರಿಯುವುದಿಲ್ಲ. ಇಂದಿಗೂ ಅನೇಕ ಪಿಕಪ್‌ಗಳ ಮುಂದಿನ ಹಬ್‌ನಲ್ಲಿ ಇದೇ ಜೋಡಿ ಇರುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಬಿಚ್ಚಲು ಬಾರದ ಸೀಲ್ ಮಾಡಿದ ಬೇರಿಂಗ್ ಇರುತ್ತದೆ. ಕೆಟ್ಟರೆ ಅದನ್ನು ಇಡಿಯಾಗಿ ಬದಲಾಯಿಸುವುದೇ ದಾರಿ.

ಹಾಗಾದರೆ ಬೇರಿಂಗ್ ಸವೆಯುವುದು ಯಾಕೆ? ಇಲ್ಲಿ ಒಂದು ಲೆಕ್ಕ ಮಾಡೋಣ, ಪೆನ್ನು ತೆಗೆದುಕೊಳ್ಳಿ. ಪಿಕಪ್ ಟಯರಿನ ವ್ಯಾಸ ಸುಮಾರು 70 ಸೆಂ.ಮೀ. ಪರಿಧಿ 2.2 ಮೀಟರ್. ಒಂದು ಕಿಲೋಮೀಟರಿಗೆ ಗಾಲಿ ಸುಮಾರು 455 ಸುತ್ತು ಹಾಕುತ್ತದೆ. 100 ಕಿ.ಮೀ. ಹೋದರೆ 45,000 ಸುತ್ತು ದಾಟಿತು. ಮುಂದಿನ ಗಾಲಿಯಲ್ಲಿ ಬೇರಿಂಗಿನ ಒಳ ಉಂಗುರ ಅಚ್ಚಿನ ಮೇಲೆ ನಿಂತಿರುತ್ತದೆ, ಹೊರ ಉಂಗುರ ತಿರುಗುತ್ತದೆ. ಹಾಗಾಗಿ ಒಳ ಉಂಗುರದ ಕೆಳಭಾಗಕ್ಕೇ ಸದಾ ಭಾರ. ಪ್ರತಿ ಸುತ್ತಿಗೂ ಅದೇ ಜಾಗದ ಮೇಲೆ ಹಲವು ರೋಲರ್‌ಗಳು ಹಾದುಹೋಗುತ್ತವೆ. ಒತ್ತು, ಬಿಡು, ಒತ್ತು, ಬಿಡು. ಒಂದು ಪ್ರಯಾಣದಲ್ಲೇ ಲಕ್ಷಗಟ್ಟಲೆ ಸಲ! ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ಮುರಿಯುತ್ತದಲ್ಲ, ಹಾಗೇ ಉಕ್ಕಿಗೂ ದಣಿವು ಆಗುತ್ತದೆ. ಮೇಲ್ಮೈಯ ಸ್ವಲ್ಪ ಕೆಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಸಣ್ಣ ಚಕ್ಕೆ ಏಳುತ್ತದೆ. ಆ ಗುಳಿಯ ಮೇಲೆ ರೋಲರ್‌ಗಳು ಒಂದರ ಹಿಂದೊಂದು ಹಾಯುವಾಗ ಸೆಕೆಂಡಿಗೆ ಹತ್ತಾರು ಸಲ ತಟ್ಟುವ ಸದ್ದೇ ನಮ್ಮ ಕಿವಿಗೆ "ಗುಂಯ್" ಅಂತ ಸೇರುತ್ತದೆ.

ಈಗ ಮುಖ್ಯ ವಿಷಯ. ಭಾರ ಎರಡು ಪಟ್ಟಾದರೆ ಬೇರಿಂಗಿನ ಆಯಸ್ಸು ಅರ್ಧವಾಗುತ್ತದೆ ಅಂದುಕೊಳ್ತೀರಿ ಅಲ್ವಾ? ಇಲ್ಲ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಬೇರಿಂಗಿನ ಆಯಸ್ಸಿನ ಸಿದ್ಧಾಂತ ಪ್ರಕಟಿಸಿದರು. ಇಂದಿನ ಲೆಕ್ಕಗಳಿಗೂ ಅದೇ ಬುನಾದಿ. ಗುಂಡಿನ ಬೇರಿಂಗಿನಲ್ಲಿ ಆಯಸ್ಸು ಭಾರದ ಮೂರನೇ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ರೋಲರ್ ಬೇರಿಂಗಿನಲ್ಲಿ ಘಾತ ಇನ್ನೂ ಸ್ವಲ್ಪ ಹೆಚ್ಚು, 10/3. ಹಾಗಾಗಿ ರೋಲರ್ ಬೇರಿಂಗಿನ ಮೇಲೆ ಭಾರ ಎರಡು ಪಟ್ಟಾದರೆ ಆಯಸ್ಸು ಹತ್ತನೇ ಒಂದು. ಒಂದೂವರೆ ಪಟ್ಟಾದರೆ ಕಾಲು ಭಾಗ. ಬರೀ ನೂರಕ್ಕೆ ಇಪ್ಪತ್ತು ಹೆಚ್ಚಾದರೂ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. "ಇನ್ನೂ ನಾಲ್ಕು ಮೂಟೆ ಹಾಕು, ಗಾಡಿ ತಡೆಯುತ್ತೆ" ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇವೆ. ಗಾಡಿಯವರನ್ನು ನಾನು ಬೈಯುವುದಿಲ್ಲ. ಎರಡು ಟ್ರಿಪ್ಪಿನ ಡೀಸೆಲ್ ಖರ್ಚು ಅವರಿಗೇ ಗೊತ್ತು. ಆದರೆ ಗಾಡಿ ಆ ದಿನ ತಡೆಯುತ್ತದೆ, ಬೇರಿಂಗ್ ಅದನ್ನು ಮರೆಯುವುದಿಲ್ಲ. ಈ ಲೆಕ್ಕವನ್ನು ಮನೆಯಲ್ಲಿ ಒಮ್ಮೆ ತೋರಿಸಿ.

ಭಾರದ ಜೊತೆ ಇನ್ನೆರಡು ಶತ್ರುಗಳಿವೆ. ಒಂದು ನೀರು. ನಮ್ಮ ಸೇಲಂ ಉಕ್ಕಿನ ಕಾರ್ಖಾನೆಯಲ್ಲಿ ಆಗುವ ತುಕ್ಕು ಹಿಡಿಯದ ಉಕ್ಕು ನಿಮಗೆ ಗೊತ್ತು. ಪಾತ್ರೆಗೆ ಬಳಸುವ ಅಂಥ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 18ರಷ್ಟು ಕ್ರೋಮಿಯಂ ಇರುತ್ತದೆ. ಬೇರಿಂಗಿಗೆ ಹೆಚ್ಚಾಗಿ ಬಳಸುವ ಉಕ್ಕಿನಲ್ಲಿ ಇಂಗಾಲ ಶೇ 1, ಕ್ರೋಮಿಯಂ ಶೇ 1.5 ಅಷ್ಟೇ. ಬಹಳ ಗಟ್ಟಿ, ಆದರೆ ತುಕ್ಕು ಹಿಡಿಯುತ್ತದೆ. ಸೀಲ್ ಹರಿದು ನೀರು ಒಳಗೆ ಹೋದರೆ ಮುಗಿಯಿತು.

ಇನ್ನೊಂದು ಬಿಸಿ. ಮೂರು ಟನ್ ತೂಕದ ಗಾಡಿ 100 ಮೀಟರ್ ಎತ್ತರದಿಂದ ಇಳಿದರೆ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ 3000 × 9.8 × 100, ಅಂದರೆ ಸುಮಾರು 29 ಲಕ್ಷ ಜೂಲ್. ಒಂಬತ್ತು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಗೇರ್ ಇಳಿಸದೆ ಬರೀ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಆ ಬಿಸಿಯೆಲ್ಲ ಬ್ರೇಕಿಗೆ. ಬ್ರೇಕಿನ ಪಕ್ಕದಲ್ಲೇ ಹಬ್. ಒಳಗಿನ ಗ್ರೀಸ್ ತೆಳ್ಳಗಾಗಿ ಹರಿಯುತ್ತದೆ, ಉಕ್ಕು ಉಕ್ಕನ್ನು ಮುಟ್ಟುತ್ತದೆ. ಘಾಟಿಯಲ್ಲಿ ಚಿಕ್ಕ ಗೇರಿನಲ್ಲಿ ಇಳಿಯಿರಿ ಅನ್ನುವುದು ಬ್ರೇಕಿಗೆ ಮಾತ್ರ ಹೇಳಿದ ಮಾತಲ್ಲ.

ಸದ್ದು ಬೇರಿಂಗಿನದೇ ಅಂತ ಗೊತ್ತುಮಾಡುವುದು ಹೇಗೆ? ರಸ್ತೆಯ ಮೇಲ್ಮೈ ಬದಲಾದ ಕೂಡಲೇ ಸದ್ದೂ ಬದಲಾದರೆ ಅದು ಟಯರಿನದು. ಎಂಜಿನ್ ವೇಗದ ಜೊತೆ ಬದಲಾದರೆ ಎಂಜಿನ್ನಿನದು. ಬೇರಿಂಗ್ ಸದ್ದು ಗಾಲಿಯ ವೇಗದ ಜೊತೆ ಮಾತ್ರ ಹೋಗುತ್ತದೆ. ಜಡತ್ವದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಡಿ ಎಡಕ್ಕೆ ತಿರುಗಿದಾಗ, ಬಸ್ಸಿನಲ್ಲಿ ನೀವು ವಾಲುವ ಹಾಗೆ, ಭಾರ ಬಲಕ್ಕೆ ವಾಲುತ್ತದೆ. ಎಡಕ್ಕೆ ತಿರುಗುವಾಗ ಸದ್ದು ಜೋರಾದರೆ ಅನುಮಾನ ಬಲಗಡೆ ಗಾಲಿಯ ಮೇಲೆ.

ಮೆಕ್ಯಾನಿಕ್ ಅಣ್ಣ ಗಾಡಿಯನ್ನು ಜಾಕಿ ಕೊಟ್ಟು ಎತ್ತುತ್ತಾರೆ. ಬೇರೆ ಗಾಲಿಗಳಿಗೆ ಕಲ್ಲು ಅಥವಾ ಮರದ ತುಂಡು ಅಡ್ಡ ಇಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೇ ಮುಂದಿನ ಕೆಲಸ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ನೀವಂತೂ ಹೋಗಲೇಬೇಡಿ. ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿದರೆ "ಟಕ್ ಟಕ್" ಅನ್ನುತ್ತಾ? ಹಾಗಾದರೆ ಆಟ ಇದೆ. ಆಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ತೊಂದರೆ ಬೇರಿಂಗಿನದು, ನಿಲ್ಲದಿದ್ದರೆ ಸ್ಟೀರಿಂಗ್ ಕಡೆಯ ಕೀಲುಗಳದು. ಯಾಕೆ ಅಂತ ನೀವೇ ಯೋಚಿಸಿ. ಬ್ರೇಕ್ ಹಿಡಿದಾಗ ಯಾವುದು ಯಾವುದಕ್ಕೆ ಅಂಟಿಕೊಳ್ಳುತ್ತೆ?

ಹಬ್ ಬಿಚ್ಚಿದ ಮೇಲೆ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡುತ್ತಾರೆ. ಗುಳಿ, ಗೀರು, ಬಿಸಿಯಿಂದ ಬಂದ ನೀಲಿ ಅಥವಾ ಕಂದು ಬಣ್ಣ ಕಂಡರೆ ಹೊಸದು ಹಾಕಬೇಕು. ಅದೂ ಒಳಗಿನ ರೋಲರ್ ಭಾಗವನ್ನೂ ಹಬ್‌ನಲ್ಲಿ ಕೂತ ಹೊರ ಉಂಗುರವನ್ನೂ ಒಟ್ಟಿಗೆ. ಹಳೆ ಗುಳಿಯ ಮೇಲೆ ಹೊಸ ರೋಲರ್ ಓಡಿಸಿದರೆ ದುಡ್ಡು ದಂಡ. ಹೊರ ಉಂಗುರ ಬಿಗಿಯಾಗಿ ಕೂತಿರುತ್ತದೆ. ಸುತ್ತಿಗೆಯಿಂದ ಅಡ್ಡಾದಿಡ್ಡಿ ಹೊಡೆದರೆ ಹೊಸದೇ ಬಿರುಕು ಬಿಡುತ್ತದೆ. ಜಾಣ ಮೆಕ್ಯಾನಿಕ್ ಹಬ್ಬನ್ನು ಸ್ವಲ್ಪ ಬಿಸಿ ಮಾಡುತ್ತಾರೆ. 70 ಮಿ.ಮೀ. ವ್ಯಾಸದ ಉಕ್ಕಿನ ತೂತು 80 ಡಿಗ್ರಿ ಬಿಸಿ ಏರಿದರೆ ಸುಮಾರು 0.07 ಮಿ.ಮೀ. ಅಗಲವಾಗುತ್ತದೆ. ಕೂದಲಿನಷ್ಟು ಜಾಗ, ಆದರೆ ಉಂಗುರ ಸಲೀಸಾಗಿ ಕೂರಲು ಅಷ್ಟೇ ಸಾಕು.

ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರ್‌ಗಳ ಸಂದಿಗೆ ಒತ್ತಿ ತುಂಬುತ್ತಾರೆ. ಹಬ್ ಪೂರ್ತಿ ತುರುಕಿದರೆ ಒಳ್ಳೆಯದು ಅಂದುಕೊಳ್ಳಬೇಡಿ, ಕಡೆದು ಕಡೆದು ಅದೇ ಬಿಸಿಯಾಗುತ್ತದೆ. ಹಳೆಯ ಗ್ರೀಸಿನ ಜೊತೆ ಬೇರೆ ಜಾತಿಯದನ್ನು ಬೆರೆಸುವುದೂ ತಪ್ಪು. ಕೆಲವು ಜಾತಿಗಳು ಕೂಡಿದರೆ ಒಡೆದು ನೀರಾಗುತ್ತವೆ. ಸೀಲ್ ಹೊಸದೇ ಇರಲಿ.

ಕಡೆಗೆ ನಟ್. ಇಲ್ಲಿ ಬಲಕ್ಕಿಂತ ಕೈಯ ಹದ ಮುಖ್ಯ. ಗಾಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡಿ ರೋಲರ್‌ಗಳನ್ನು ಕೂರಿಸುತ್ತಾರೆ, ಆಮೇಲೆ ಸಡಿಲಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಮತ್ತೆ ಬಿಗಿ ಮಾಡುತ್ತಾರೆ. ಹೆಚ್ಚು ಬಿಗಿಯಾದರೆ ಬಿಸಿ, ಸಡಿಲವಾದರೆ ಆಟ. ನಟ್ಟಿನ ಸಂದಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚುತ್ತಾರೆ. ನಮ್ಮ ಎತ್ತಿನ ಗಾಡಿಯ ಕಡಾಣಿ ಇಲ್ಲಿ ಹೆಬ್ಬೆರಳಿನ ಗಾತ್ರದಿಂದ ತಂತಿಯ ಗಾತ್ರಕ್ಕೆ ಇಳಿದಿದೆ, ಅಷ್ಟೇ!

ನಿಮಗೊಂದು ಕೆಲಸ. ವರ್ಕ್‌ಶಾಪಿನಲ್ಲಿ ಎಸೆದ ಹಳೆ ಬೇರಿಂಗ್ ಒಂದನ್ನು ಕೇಳಿ ತನ್ನಿ, ಒರೆಸಿ, ಮೇಲೆ ಕೊರೆದಿರುವ ನಂಬರ್ ಓದಿ. ಸಾಮಾನ್ಯವಾಗಿ ಕೊನೆಯ ಎರಡು ಅಂಕಿ 04 ಅಥವಾ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿ. ಅದೇ ಒಳವ್ಯಾಸ, ಮಿ.ಮೀ.ಗಳಲ್ಲಿ. 30205 ಅಂದರೆ 25 ಮಿ.ಮೀ. ಸ್ಕೇಲ್ ಇಟ್ಟು ಅಳೆದು ತಾಳೆ ನೋಡಿ. ಸೀಲಿಂಗ್ ಫ್ಯಾನಿನ ಬೇರಿಂಗ್ ಸಿಕ್ಕರೆ ಅದರ ಮೇಲೆ 6202 ಅಂತ ಇರಬಹುದು. ಅಲ್ಲಿ ಈ ಗುಣಾಕಾರ ಸರಿಬರುವುದಿಲ್ಲ. ಅದರ ಒಳವ್ಯಾಸ ನೀವೇ ಅಳೆದು ಕ್ಲಾಸಿನಲ್ಲಿ ಹೇಳಿ.