ಕರಿಮಣ್ಣಿನ ಅಂಗಳದ ನಿತ್ಯಹಸಿರು ಗಿಡ

ಕೆಲವು ವರುಷಗಳ ಹಿಂದೆ ಉದಕಮಂಡಲದ ಪ್ರವಾಸದಿಂದ ಮರಳುವಾಗ ನಾನು ಅಜೇಲಿಯ ಎಂಬ ಹೂಗಿಡದ ಕುಂಡವೊಂದನ್ನು ತಂದೆನು. ವರುಷವಿಡೀ ಹಸಿರಾಗಿರುವ ಗಿಡ. ಮೈತುಂಬ ಗುಲಾಬಿ ಬಣ್ಣದ ಹೂ. ಅದನ್ನು ಶಾಲೆಯ ಅಂಗಳದ ಕರಿಮಣ್ಣಿನಲ್ಲಿ ಹಚ್ಚಿ, ದಿನಾಲು ಕೊಳವೆಬಾವಿಯ ನೀರೆರೆದೆವು. ಕೆಲವೇ ವಾರಗಳಲ್ಲಿ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರಾಗಿ ಉಳಿದವು. ಬೇಸಿಗೆ ಮುಗಿಯುವುದರೊಳಗೆ ಗಿಡ ಒಣಗಿತು. ಹುಡುಗರು ಬಹಳ ಮರುಗಿದರು. ತಪ್ಪು ನೀರೆರೆದವರದಲ್ಲ, ಮಣ್ಣನ್ನು ವಿಚಾರಿಸದೆ ಗಿಡ ತಂದ ನನ್ನದು.

ಅಜೇಲಿಯಕ್ಕೆ ತಂಪು ಹವೆ ಬೇಕು; ಎಲೆಗೊಬ್ಬರ ತುಂಬಿದ, ಹುಳಿ ಗುಣದ ಸಡಿಲ ಮಣ್ಣು ಬೇಕು. ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಎರೆಭೂಮಿಯಾದರೋ ಸುಣ್ಣದಂಶವುಳ್ಳದ್ದು, ಕ್ಷಾರಗುಣದ್ದು. ಇಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಆ ಗಿಡದ ಬೇರಿಗೆ ದಕ್ಕುವುದಿಲ್ಲ. ಎಲೆ ಹಳದಿಯಾದುದು ಈ ಕಾರಣದಿಂದ. ಮೇಲಿಂದ ನಾವು ಎರೆದ ಗಡಸು ನೀರು ಮತ್ತಷ್ಟು ಸುಣ್ಣವನ್ನೇ ಉಣಬಡಿಸಿತು.

ಹಾಗಾದರೆ ನಮ್ಮ ಅಂಗಳಕ್ಕೆ ಒಪ್ಪುವ ನಿತ್ಯಹಸಿರು ಹೂಗಿಡ ಇಲ್ಲವೇ? ಇದೆ. ಅದು ಕಣಗಿಲೆ. ಮರಾಠಿಯಲ್ಲಿ ಕಣ್ಹೇರ, ಸಂಸ್ಕೃತದಲ್ಲಿ ಕರವೀರ. ಶಿವಪೂಜೆಗೆ ಸಲ್ಲುವ ಹೂ. ಇದರ ಎಲೆಯ ಕೆಳಮೈಯಲ್ಲಿ ಚಿಕ್ಕ ಚಿಕ್ಕ ಕುಳಿಗಳಿವೆ. ಕುಳಿಗಳೊಳಗೆ ಸೂಕ್ಷ್ಮ ಕೂದಲುಗಳಿವೆ. ಗಿಡ ಉಸಿರಾಡುವ ರಂಧ್ರಗಳು ಈ ಕುಳಿಗಳಲ್ಲಿ ಅಡಗಿರುವುದರಿಂದ ಬಿಸಿಗಾಳಿ ಅವುಗಳನ್ನು ನೇರವಾಗಿ ತಟ್ಟದು. ನೀರು ಬೇಗ ಆವಿಯಾಗದು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ಅಂಥ ಸೀಮೆಯಲ್ಲಿ ಹೂಗಿಡಕ್ಕೆ ಹಾಕುವ ಪ್ರತಿಯೊಂದು ಕೊಡ ನೀರಿಗೂ ಲೆಕ್ಕವಿರಬೇಕಲ್ಲವೇ?

ಮಳೆಗಾಲದ ಮೊದಲಲ್ಲಿ ಬಲಿತ ರೆಂಬೆಯಿಂದ ಗೇಣುದ್ದದ ಕಡ್ಡಿ ಕತ್ತರಿಸಿ, ಅರ್ಧದಷ್ಟು ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ. ಎರೆಮಣ್ಣಿನಲ್ಲಿ ಮಳೆನೀರು ನಿಂತು ಬೇರು ಕೊಳೆಯುವ ಭಯವುಂಟು. ಆದ್ದರಿಂದ ಒಂದೂವರೆ ಅಡಿಯ ಗುಂಡಿಗೆ ಗರಸು ಮತ್ತು ಹಳೆಯ ಸಗಣಿಗೊಬ್ಬರ ಬೆರೆಸಿ, ನೆಲಕ್ಕಿಂತ ತುಸು ಎತ್ತರವಾಗಿ ಏರಿ ಹಾಕಿ ಹಚ್ಚಬೇಕು. ಗಿಡದಿಂದ ಗಿಡಕ್ಕೆ ಐದಾರು ಅಡಿ ಇರಲಿ. ಬೇಸಿಗೆಯಲ್ಲಿ ಎರೆ ಬಿರಿದು ಬೇರು ಹರಿಯುವುದುಂಟು. ಬುಡಕ್ಕೆ ತೊಗರಿಯ ಹೊಟ್ಟು ಹರವಿದರೆ ಬಿರಿತ ಕಡಿಮೆ. ಮೊದಲ ವರುಷ ವಾರಕ್ಕೊಮ್ಮೆ ನೀರು ಸಾಕು. ಬಳಿಕ ಇನ್ನೂ ಕಡಿಮೆ. ಹೂವು ಹೊಸ ಚಿಗುರಿನಲ್ಲಿ ಬಿಡುವುದರಿಂದ ಹೂಗಾಲ ಮುಗಿದೊಡನೆ ಕತ್ತರಿಸುವುದು ಲೇಸು. ಹಳದಿ ಹೇನು ಮುತ್ತಿದರೆ ಸಾಬೂನು ನೀರು ಸಿಂಪಡಿಸಿದರಾಯಿತು.

ಇನ್ನು ಪಾಲಕರು ಲಕ್ಷ್ಯವಿಟ್ಟು ಓದಬೇಕಾದ ಮಾತು. ಕಣಗಿಲೆಯ ಎಲೆ, ಹೂ, ಬೇರು, ತೊಗಟೆ ಎಲ್ಲವೂ ವಿಷ. ಆ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಳದಿ ಹೂವಿನ ಗಿಡವನ್ನೂ ಜನರು ಕಣಗಿಲೆಯೆಂದೇ ಕರೆಯುತ್ತಾರೆ. ಅದು ಬೇರೆ ಜಾತಿ, ಅದರ ಬೀಜ ಅತಿ ಘಾತಕ. ಹಸಿ ಎಲೆ ಕಹಿಯೆಂದು ದನ ಸಾಮಾನ್ಯವಾಗಿ ಮುಟ್ಟದು. ಆದರೆ ಉದುರಿದ ಒಣ ಎಲೆ ಮೇವಿನಲ್ಲಿ ಬೆರೆತರೆ ತಿಂದುಬಿಡುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಕತ್ತರಿಸಿದ ಕಡ್ಡಿಯನ್ನು ಒಲೆಗೆ ಹಾಕಬಾರದು, ಹೊಗೆಯೂ ಕೇಡು, ಹಲ್ಲುಜ್ಜಲಂತೂ ಕೂಡದು. ಹೂ ಕೊಯ್ದ ಮಕ್ಕಳು ಕೈ ತೊಳೆಯಲೇಬೇಕು. ಮಗು ಅಪ್ಪಿತಪ್ಪಿ ಬಾಯಿಗೆ ಹಾಕಿಕೊಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಆ ಗಿಡದ ರೆಂಬೆಯೊಂದನ್ನು ಜೊತೆಗೊಯ್ದು ಕೂಡಲೇ ದವಾಖಾನೆಗೆ ಹೋಗತಕ್ಕದ್ದು. (ನಾನು ಅಷ್ಟೊಂದು ಆಸೆಪಟ್ಟು ತಂದ ಅಜೇಲಿಯವೂ ವಿಷದ ಗಿಡವೇ ಎಂಬುದು ಆಮೇಲೆ ತಿಳಿಯಿತು!)

ಆದಕಾರಣ ನಮ್ಮ ಶಾಲೆಯಲ್ಲಿ ಕಣಗಿಲೆಯನ್ನು ಹಿಂದಿನ ಗೋಡೆಯ ಆಚೆ ರಸ್ತೆಯ ಬದಿಗೆ ಹಚ್ಚಿದ್ದೇವೆ. ಚಿಕ್ಕ ಮಕ್ಕಳ ವರ್ಗದ ಮುಂದೆ ದಾಸವಾಳವಿದೆ. ಅದಕ್ಕೆ ನೀರು ಹೆಚ್ಚು ಬೇಕು. ಬಿಸಿಯೂಟದ ಕಾಯಿಪಲ್ಲೆ ತೊಳೆದ ನೀರನ್ನು ಮಕ್ಕಳೇ ಸರದಿಯಂತೆ ಒಯ್ದು ಹಾಕುತ್ತಾರೆ. ಬೇರು ಬಿಟ್ಟ ಕಡ್ಡಿಗಳು ಬೇಕಾದ ಪಾಲಕರು ಜುಲೈ ತಿಂಗಳಲ್ಲಿ ಶಾಲೆಗೆ ಬರಬಹುದು. ಅಂಗಳದಲ್ಲಿ ಆಡು, ಎಮ್ಮೆ ಕಟ್ಟುವವರಿಗೆ ಮಾತ್ರ ಎಷ್ಟು ಕೇಳಿದರೂ ದಾಸವಾಳವನ್ನೇ ಕೊಡುತ್ತೇವೆ.