ಆಟದ ಕಾರಿನ ಬ್ಯಾಟರಿಗೆ ಬೇರೆ ಪ್ಲಗ್

ಪ್ರಶ್ನೆ: ಲೀಡ್ಸ್‌ನಲ್ಲಿದ್ದೇವೆ. ಮಗನ ರಿಮೋಟ್ ಕಾರಿಗೆ ತಂದ ಲಿಪೋ ಬ್ಯಾಟರಿಯ ಪ್ಲಗ್ ಹೊಂದುತ್ತಿಲ್ಲ. ನಾವೇ ಬದಲಿಸಬಹುದೇ?

ಉತ್ತರ: ಬೆಸುಗೆಯಲ್ಲಿ ಕೈ ಪಳಗಿದ್ದರೆ ಬದಲಿಸಬಹುದು. ಎರಡೂ ತಂತಿಗಳನ್ನು ಒಟ್ಟಿಗೆ ಮಾತ್ರ ಕತ್ತರಿಸಲೇಬೇಡಿ. ಕತ್ತರಿಯ ಲೋಹವೇ ಅವೆರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. ಮೊದಲು ಕಪ್ಪು ತಂತಿ ಕತ್ತರಿಸಿ, ಹೀಟ್‌ಶ್ರಿಂಕ್ ಕೊಳವೆ ತೂರಿಸಿ, ಬೆಸುಗೆ ಹಾಕಿ ಮುಚ್ಚಿ. ಆಮೇಲೆ ಕೆಂಪಿಗೆ ಕೈಹಾಕಿ.

ಪ್ರತಿ ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಇಳಿದರೆ ಕೆಡುತ್ತದೆ. ವಾರಗಟ್ಟಲೆ ಓಡಿಸದಿದ್ದರೆ 3.8ರಲ್ಲಿಡಿ. ಅಲ್ಲಿನ ಚಳಿಗಾಲದಲ್ಲಿ ಗ್ಯಾರೇಜು ಸೊನ್ನೆ ಡಿಗ್ರಿಗೂ ಇಳಿದೀತು. ಆ ಥಂಡಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಆನೋಡಿನ ಒಳಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಮುಂದೆ ಒಳಗೇ ಶಾರ್ಟ್ ಆಗಬಹುದು. ಬ್ಯಾಟರಿಯನ್ನು ಕೋಣೆಯ ಬಿಸುಪಿಗೆ ತಂದು, ಬೆಂಕಿ ತಡೆಯುವ ಚೀಲದಲ್ಲಿಟ್ಟು, ಕಣ್ಣೆದುರೇ ಬ್ಯಾಲೆನ್ಸ್ ಚಾರ್ಜ್ ಮಾಡಿ. ರಾತ್ರಿ ಹಾಕಿ ಮಲಗುವುದು ಖಂಡಿತ ಬೇಡ.

ಉಬ್ಬಿದ್ದನ್ನು ಚುಚ್ಚಬೇಡಿ, ಮನೆಯ ಕಸದ ಡಬ್ಬಿಗೂ ಹಾಕಬೇಡಿ. ಕಸದ ಲಾರಿ ಒತ್ತಿದಾಗ ಹೊತ್ತಿಕೊಳ್ಳಬಹುದು. ಕೌನ್ಸಿಲ್‌ನ ಮರುಬಳಕೆ ಕೇಂದ್ರದ ಸಿಬ್ಬಂದಿಗೆ ತಿಳಿಸಿ ಕೊಡಿ.

ರಜೆಗೆ ಊರಿಗೆ ತರುವುದಾದರೆ, ಹೊರಡುವ ವಿಮಾನ ನಿಲ್ದಾಣ ಮ್ಯಾಂಚೆಸ್ಟರ್ ಇರಲಿ ಬರ್ಮಿಂಗ್‌ಹ್ಯಾಮ್ ಇರಲಿ, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು. 7.4 ವೋಲ್ಟ್, 5000 ಎಂಎಎಚ್ ಎಂದರೆ 37 ವ್ಯಾಟ್-ಅವರ್. ವಿಮಾನದ 100ರ ಮಿತಿಯೊಳಗಿದೆ.